ಮೊದಲು ನೋಡಿ, ಆಮೇಲೆ ಬೈಯಿರಿ

‘ದಿ ಸ್ಯಾಂಡ್‌ಮನ್’ ಸರಣಿಯ ಪಾತ್ರಧಾರಿಗಳ ಮೇಲೆ ಸಿಟ್ಟಾದ ವೀಕ್ಷಕರಿಗೆ ಒಂದು ಬಹಿರಂಗ ಪತ್ರ



2021ರ ಮೇ ತಿಂಗಳ ಕೊನೆಗೆ ನೆಟ್‌ಫ್ಲಿಕ್ಸ್ ಕಾಮಿಕ್ಸ್ ಆಧಾರಿತ ‘ದಿ ಸ್ಯಾಂಡ್‌ಮನ್’ ಸರಣಿಯ ಇನ್ನಷ್ಟು ಪಾತ್ರಧಾರಿಗಳ ಹೆಸರು ಪ್ರಕಟಿಸಿತು. ಸಾವೇ ಹೆಣ್ಣಾಗಿ ಬಂದ ಡೆತ್ ಪಾತ್ರಕ್ಕೆ ಬ್ರಿಟಿಷ್ ನಟಿ ಕರ್ಬಿ ಹೊವೆಲ್-ಬ್ಯಾಪ್ಟಿಸ್ಟ್, ಬಯಕೆಯೇ ರೂಪ ತಳೆದ ಡಿಸೈರ್ ಪಾತ್ರಕ್ಕೆ ಮೇಸನ್ ಅಲೆಕ್ಸಾಂಡರ್ ಪಾರ್ಕ್. ಲೂಸಿಫರ್ ಆಗಿ ಗ್ವೆಂಡೊಲಿನ್ ಕ್ರಿಸ್ಟಿ ಬರುತ್ತಾರೆಂದು ಅದೇ ವರ್ಷದ ಜನವರಿಯಲ್ಲೇ ಹೇಳಿಯಾಗಿತ್ತು. ನೀವು ಆಗಲೇ ಬೈಯಲು ಶುರುಮಾಡಿದಿರಿ. ಡೆತ್ ಕಪ್ಪು ವರ್ಣದವಳಾಗಕೂಡದು, ಲೂಸಿಫರ್ ಹೆಂಗಸಾಗಕೂಡದು, ನಮ್ಮ ಕಾಮಿಕ್ಸನ್ನು ಕೆಡಿಸಿಬಿಟ್ಟರು ಎಂದಿರಿ. ಸರಣಿ ತೆರೆಗೆ ಬಂದದ್ದು 2022ರ ಆಗಸ್ಟ್ 5ರಂದು. ಅಂದರೆ ಹದಿನಾಲ್ಕು ತಿಂಗಳಿಗೂ ಹೆಚ್ಚು ಕಾಲ ನೀವು ಬೈದದ್ದು ಒಬ್ಬ ನಟಿಯ ಫೋಟೊವನ್ನು. ಅವರು ಆ ಪಾತ್ರದಲ್ಲಿ ಒಂದು ಮಾತಾಡಿದ್ದನ್ನೂ ನೀವು ಆಗ ಕೇಳಿರಲಿಲ್ಲ.

ನಿಮ್ಮ ಸಿಟ್ಟಿನ ಹಿಂದೆ ಪ್ರೀತಿ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಕೆಲವರಿಗೆ ಇದ್ದದ್ದು ಬರೀ ಬಣ್ಣದ ದ್ವೇಷ. ಅಂಥವರಿಗೆ ಈ ಪತ್ರವಲ್ಲ. ಆ ಕಾಮಿಕ್ಸಿನ ಎಪ್ಪತ್ತೈದು ಸಂಚಿಕೆಗಳನ್ನು ಮನಸಾರೆ ಓದಿದವರಿಗೆ, ಮತ್ತೆ ಮತ್ತೆ ತೆರೆದು ನೋಡಿದವರಿಗೆ ಬರೆಯುತ್ತಿದ್ದೇನೆ. 1989ರ ಜನವರಿ ಎಂದು ಮುಖಪುಟದ ಮೇಲೆ ಅಚ್ಚಾದ ಮೊದಲ ಸಂಚಿಕೆಯಿಂದ 1996ರವರೆಗೆ ಡಿಸಿ ಪ್ರಕಟಿಸಿದ ಆ ಕಾಮಿಕ್ಸನ್ನು ನಾನೂ ಓದಿದವನು. ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನ ಹಳೇ ಪುಸ್ತಕದಂಗಡಿಗಳಲ್ಲಿ ಒಂದೊಂದೇ ಸಂಪುಟ ಸಿಕ್ಕಂತೆ, ಕ್ರಮ ತಪ್ಪಿ, ಮೂರನೆಯದರ ನಂತರ ಎಂಟನೆಯದು ಎಂಬಂತೆ ಓದಿದವನು. ಹಾಗೆ ಓದಿದ್ದು ಎಷ್ಟು ಆಳಕ್ಕೆ ಇಳಿಯುತ್ತದೆಂದು ನನಗೆ ಗೊತ್ತು.

ಕಾಮಿಕ್ಸ್ ಓದುವವನು ಅರ್ಧ ಕೆಲಸ ತಾನೇ ಮಾಡುತ್ತಾನೆ. ಒಂದು ಚೌಕಕ್ಕೂ ಮುಂದಿನ ಚೌಕಕ್ಕೂ ನಡುವಿನ ಬಿಳಿ ಜಾಗದಲ್ಲಿ ಏನಾಯಿತೆಂದು ಅವನೇ ಊಹಿಸಿಕೊಳ್ಳಬೇಕು. ಪಾತ್ರದ ದನಿಯನ್ನೂ ಅವನೇ ಕೊಡಬೇಕು. ಸ್ಯಾಂಡ್‌ಮನ್ ಕಾಮಿಕ್ಸಿನಲ್ಲಿ ಅಕ್ಷರ ಬರೆದ ಟಾಡ್ ಕ್ಲೈನ್ ಈ ವಿಷಯದಲ್ಲಿ ಓದುಗನ ಕೈಹಿಡಿದವರು. ಕನಸಿನ ಒಡೆಯ ಮಾರ್ಫಿಯಸ್ ಮಾತಾಡಿದರೆ ಬಲೂನು ಕಪ್ಪು, ಅಂಚು ಅಲೆಅಲೆ, ಒಳಗಿನ ಅಕ್ಷರ ಬಿಳಿ. ಅವನ ತಂಗಿ ಡಿಲಿರಿಯಂ ಮಾತಾಡಿದರೆ ಬಣ್ಣಗಳು ಒಂದರೊಳಗೊಂದು ಕಲಸಿಹೋಗಿ, ಅಕ್ಷರ ಒಮ್ಮೆ ದೊಡ್ಡದು ಒಮ್ಮೆ ಸಣ್ಣದು. ಓದುತ್ತ ಓದುತ್ತ ಆ ದನಿ ಕಿವಿಯಲ್ಲೇ ಕೂತುಬಿಡುತ್ತದೆ. ಮೂವತ್ತು ವರ್ಷ ಹಾಗೆ ಕೂತ ದನಿಯನ್ನು ಎಬ್ಬಿಸಿ ಆ ಜಾಗದಲ್ಲಿ ಮಾರ್ಫಿಯಸ್ ಆಗಿ ಟಾಮ್ ಸ್ಟರಿಜ್ ಎಂಬ ನಟನ ಪಿಸುದನಿ ತಂದು ಕೂರಿಸಿದರೆ ನೋವಾಗುತ್ತದೆ. ಆ ನೋವು ಸುಳ್ಳಲ್ಲ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈಯವರ ಅಮರ ಚಿತ್ರ ಕಥೆ ಓದಿ ಬೆಳೆದ ನಮ್ಮವರಿಗೂ ಇದು ಅರ್ಥವಾಗುತ್ತದೆ. ಅದರ ಪುಟದಲ್ಲಿ ಕಂಡ ಕೃಷ್ಣನ ಮುಖವೇ ಎಷ್ಟೋ ಜನಕ್ಕೆ ಇಂದಿಗೂ ಕೃಷ್ಣನ ಮುಖ.

ಆದರೆ ನೀವು ಕಾಪಾಡಲು ಹೊರಟದ್ದು ಯಾವುದನ್ನು? ಪುಸ್ತಕ ತೆಗೆದು ಇನ್ನೊಮ್ಮೆ ನೋಡಿ. ಮಾರ್ಫಿಯಸ್, ಡೆತ್, ಡಿಸೈರ್ ಸೇರಿ ಎಂಡ್‌ಲೆಸ್ ಎಂದು ಕರೆಸಿಕೊಳ್ಳುವ ಏಳು ಒಡಹುಟ್ಟಿದವರಿಗೆ ಒಂದೇ ಮುಖ ಇದೆಯೆಂದು ಕಾಮಿಕ್ಸ್ ಎಲ್ಲೂ ಹೇಳಿಲ್ಲ. ಇಲ್ಲವೆಂದು ಮೊದಲ ವರ್ಷದಿಂದಲೇ ತೋರಿಸಿದೆ. ಐದನೇ ಸಂಚಿಕೆಯಲ್ಲಿ ಮಂಗಳ ಗ್ರಹದವನೊಬ್ಬ ಮಾರ್ಫಿಯಸ್‌ನನ್ನು ಕಂಡಾಗ ಅವನಿಗೆ ಕಾಣುವುದು ತನ್ನ ಲೋಕದ ದೇವರು, ಉರಿಯುವ ದೊಡ್ಡ ತಲೆಯಾಗಿ. ಒಂಬತ್ತನೇ ಸಂಚಿಕೆಯಲ್ಲಿ ಆಫ್ರಿಕದ ಗಾಜಿನ ನಗರದ ರಾಣಿ ನಾಡಾ ಪ್ರೀತಿಸಿದ ಕೈಕುಲ್ ಇದೇ ಮಾರ್ಫಿಯಸ್. ಪುಟದ ತುಂಬ ಅವನು ಕಪ್ಪು ವರ್ಣದ ಗಂಡಸು. ಹದಿನೆಂಟನೇ ಸಂಚಿಕೆಯಲ್ಲಿ ಬೆಕ್ಕೊಂದು ಕನಸಿನಲ್ಲಿ ಅವನನ್ನು ಹುಡುಕಿ ಹೋದರೆ, ಎದುರಿಗೆ ಕೂತಿರುವುದು ಕರೀ ಬೆಕ್ಕು. ನೋಡುವವರು ಯಾರೋ ಅವರಂತೆ ಅವನು ಕಾಣುತ್ತಾನೆ, ಇಡೀ ಕಥೆ ನಿಂತಿರುವುದೇ ಈ ಮಾತಿನ ಮೇಲೆ. ಅವನ ಅಕ್ಕ ಡೆತ್‌ಗೆ ಮಾತ್ರ ಈ ಸ್ವಾತಂತ್ರ್ಯ ಇಲ್ಲವೆಂದು ಹೇಳುವ ಹಕ್ಕು ನಿಮಗೆ ಯಾರು ಕೊಟ್ಟರು? ಕಾಮಿಕ್ಸಿನ ಪರ ನಿಂತೆವೆಂದು ನೀವು ನಂಬಿದಿರಿ. ನಿಮ್ಮ ವಾದ ನಡೆದದ್ದು ಅದೇ ಕಾಮಿಕ್ಸಿನ ವಿರುದ್ಧ.

ಡೆತ್‌ಳ ಬಣ್ಣದ ಮಾತನ್ನೇ ತೆಗೆದುಕೊಳ್ಳಿ. ಪುಟದ ಮೇಲೆ ಅವಳ ಮೈ ಸುಣ್ಣದಷ್ಟು ಬಿಳುಪು. ಅದು ಯಾವ ದೇಶದ, ಯಾವ ಜನರ ಬಣ್ಣವೂ ಅಲ್ಲ. ಅವಳ ತಮ್ಮನದೂ ಅದೇ ಬಣ್ಣ. ಜೊತೆಗೆ ಅವನ ಕಣ್ಣ ಗುಂಡಿಗಳು ಪೂರಾ ಕಪ್ಪು, ನಡುವೆ ಒಂದೊಂದು ನಕ್ಷತ್ರ. ತೆರೆಯ ಮೇಲಿನ ಟಾಮ್ ಸ್ಟರಿಜ್‌ಗೆ ಸುಣ್ಣದ ಮೈಯೂ ಇಲ್ಲ, ಆ ಕಣ್ಣೂ ಇಲ್ಲ. ಸಾಧಾರಣ ಬಿಳಿಯ ಮನುಷ್ಯನ ಮೈ, ಮನುಷ್ಯನ ಕಣ್ಣು. ಪುಟಕ್ಕೆ ಅಷ್ಟೊಂದು ನಿಷ್ಠರಾದ ನೀವು ಅದಕ್ಕೂ ಇಷ್ಟೇ ಗದ್ದಲ ಮಾಡಬೇಕಿತ್ತು. ಮಾಡಲಿಲ್ಲ. ಇನ್ನು ಡಿಸೈರ್ ಬಗ್ಗೆ ಎದ್ದ ಕೂಗಿಗಂತೂ ತಲೆಬುಡವಿಲ್ಲ. ಗಂಡೂ ಅಲ್ಲದ ಹೆಣ್ಣೂ ಅಲ್ಲದ, ಎರಡೂ ಆಗಬಲ್ಲ ಪಾತ್ರವಾಗಿಯೇ ಡಿಸೈರ್ 1989ರಲ್ಲಿ ಕಾಮಿಕ್ಸಿಗೆ ಬಂದದ್ದು. ಆ ಪಾತ್ರವನ್ನು ತನ್ನನ್ನು ಗಂಡೆಂದೂ ಹೆಣ್ಣೆಂದೂ ಕರೆದುಕೊಳ್ಳದ ಕಲಾವಿದರೊಬ್ಬರು ಮಾಡಿದರೆ ಮೂಲಕ್ಕೆ ಇದಕ್ಕಿಂತ ಹತ್ತಿರ ಇನ್ನೇನಿದೆ?

ಈಗ ಆರನೇ ಎಪಿಸೋಡಿಗೆ ಬನ್ನಿ. ಹೆಸರು ‘ದ ಸೌಂಡ್ ಆಫ್ ಹರ್ ವಿಂಗ್ಸ್’, ಕಾಮಿಕ್ಸಿನ ಎಂಟನೇ ಸಂಚಿಕೆಯ ಹೆಸರೇ. ನೂರಕ್ಕೂ ಹೆಚ್ಚು ವರ್ಷ ಮನುಷ್ಯರ ಸೆರೆಯಲ್ಲಿದ್ದು ಬಿಡುಗಡೆಯಾದ ಮಾರ್ಫಿಯಸ್ ಪಾರ್ಕಿನಲ್ಲಿ ಪಾರಿವಾಳಗಳ ನಡುವೆ ಮುಖ ಸಪ್ಪಗೆ ಮಾಡಿಕೊಂಡು ಕೂತಿದ್ದಾನೆ. ಕಳೆದುಕೊಂಡ ಸಾಮಾನೆಲ್ಲ ಮರಳಿ ಸಿಕ್ಕಿದೆ, ಇನ್ನು ಏನು ಮಾಡಬೇಕೆಂದು ತಿಳಿಯುತ್ತಿಲ್ಲ. ಅಕ್ಕ ಬರುತ್ತಾಳೆ. ಪಕ್ಕದಲ್ಲಿ ಕೂತು, ಕೊಂಚ ಗದರಿಸಿ, ತನ್ನ ಕೆಲಸಕ್ಕೆ ಅವನನ್ನೂ ಕರೆದುಕೊಂಡು ಹೊರಡುತ್ತಾಳೆ. ಅವಳ ಕೆಲಸವೆಂದರೆ ಪ್ರಾಣ ಒಯ್ಯುವುದು.

ಮೊದಲ ಮನೆ ಹ್ಯಾರಿ ಎಂಬ ಮುದುಕನದು. ಒಂಟಿ ಮನುಷ್ಯ, ಕೈಯಲ್ಲಿ ಪಿಟೀಲು. ಬಂದವಳು ಯಾರೆಂದು ತಿಳಿದಾಗ ಅವನು ಮೊದಲು ಇನ್ನೂ ಬೇಡ ಎನ್ನುತ್ತಾನೆ. ಆಮೇಲೆ ಯಹೂದಿಗಳು ಕೊನೆಯುಸಿರಿನಲ್ಲಿ ಹೇಳುವ ಶೆಮಾ ಪ್ರಾರ್ಥನೆ ಹೇಳಿಕೊಳ್ಳುತ್ತಾನೆ. ಅವನ ಅಪ್ಪ ಕಲಿಸಿದ್ದು. ಆ ಹೊತ್ತಿನಲ್ಲಿ ಕರ್ಬಿ ಹೊವೆಲ್-ಬ್ಯಾಪ್ಟಿಸ್ಟ್ ಏನು ಮಾಡುತ್ತಾರೆಂದು ಗಮನಿಸಿ. ಕಣ್ಣೀರಿಲ್ಲ, ದೊಡ್ಡ ಮಾತಿಲ್ಲ, ಸಂಗೀತಕ್ಕೆ ತಕ್ಕಂತೆ ಮುಖ ತಿರುಗಿಸುವುದಿಲ್ಲ. ಆಸ್ಪತ್ರೆಯಲ್ಲಿ ರಾತ್ರಿಪಾಳಿ ಮಾಡುವ ಒಳ್ಳೆಯ ನರ್ಸ್ ಒಬ್ಬಳು ರೋಗಿಯ ಎದುರು ನಿಲ್ಲುವ ಹಾಗೆ ನಿಲ್ಲುತ್ತಾರೆ, ಅವಸರ ಮಾಡದೆ. ನಂತರ ತೊಟ್ಟಿಲ ಕೂಸೊಂದರ ಬಳಿ ಹೋಗುತ್ತಾರೆ. ಅಲ್ಲಿ ಅವರ ದನಿ ಇನ್ನೂ ತಗ್ಗುತ್ತದೆ. ನಾನು ಓದಿದ ಪುಟದ ಡೆತ್ ಹೀಗೆಯೇ ಇದ್ದಳು: ಸಲಿಗೆಯವಳು, ನಗುಮುಖದವಳು, ಯಾರ ಪ್ರಾಣವನ್ನೂ ಹಗುರವಾಗಿ ಕಾಣದವಳು. ಅದಕ್ಕೆ ಬೇಕಿದ್ದದ್ದು ಆ ಗುಣ. ಈ ನಟಿಯಲ್ಲಿ ಅದು ಇತ್ತು.

ಸಾವನ್ನು ಹೆಣ್ಣಾಗಿ, ಮನಸ್ಸು ಮೆತ್ತಗಿರುವ ಹೆಣ್ಣಾಗಿ ಕಂಡದ್ದು ನಮ್ಮಲ್ಲೂ ಇದೆ. ವ್ಯಾಸಭಾರತದ ದ್ರೋಣಪರ್ವದಲ್ಲಿ, ಅಭಿಮನ್ಯು ಸತ್ತು ಧರ್ಮರಾಯ ದುಃಖದಲ್ಲಿದ್ದಾಗ, ಮೃತ್ಯುವಿನ ಹುಟ್ಟಿನ ಕಥೆ ಬರುತ್ತದೆ. ಬ್ರಹ್ಮನ ಸಿಟ್ಟಿನ ಬೆಂಕಿಯಿಂದ ಒಬ್ಬಳು ಹುಟ್ಟುತ್ತಾಳೆ. ಮೈಯಲ್ಲಿ ಕಪ್ಪು, ಕೆಂಪು, ಕಂದು ಬೆರೆತಿವೆ. ಕಿವಿಯಲ್ಲಿ ಹೊಳೆಯುವ ಕುಂಡಲ. ಪ್ರಾಣಿಗಳನ್ನು ಸಂಹರಿಸು ಎಂದಾಗ ಅವಳು ಅಳುತ್ತಾಳೆ, ಒಲ್ಲೆ ಎನ್ನುತ್ತಾಳೆ, ಆ ಕೆಲಸ ತಪ್ಪಿಸಿಕೊಳ್ಳಲು ತಪಸ್ಸಿಗೆ ಕೂರುತ್ತಾಳೆ. ಅವಳ ಕಣ್ಣೀರೇ ರೋಗಗಳಾಗಿ ಜೀವಿಗಳನ್ನು ಸೇರುತ್ತವೆ, ಪಾಪ ಅವಳನ್ನು ಅಂಟುವುದಿಲ್ಲ ಎಂದು ಬ್ರಹ್ಮ ಸಮಾಧಾನ ಹೇಳುತ್ತಾನೆ. ಈ ಕಥೆಯನ್ನು ಕೇಳಿ ಬಂದವರಿಗೆ ಆರನೇ ಎಪಿಸೋಡಿನ ಡೆತ್ ಹೊಸಬಳಲ್ಲ. ಅವಳ ಮೈಬಣ್ಣ ನೋಡಿ ಬೆಚ್ಚಿಬೀಳಬೇಕಾದ್ದೂ ಇಲ್ಲ.

ಹಾಗಾದರೆ ಸರಣಿಯಲ್ಲಿ ತಪ್ಪೇ ಇಲ್ಲವೇ? ಇದೆ, ಬೇಕಾದಷ್ಟಿದೆ. ನೋಡಿದವರು ಹೇಳಿದ ತಕರಾರುಗಳನ್ನು ನಾನು ಗೌರವದಿಂದ ಓದಿದ್ದೇನೆ. ಚಿತ್ರ ಉದ್ದುದ್ದಕ್ಕೆ ಎಳೆದಂತೆ, ಅಂಚುಗಳಲ್ಲಿ ಸೊಟ್ಟಗಾದಂತೆ ಕಾಣುತ್ತದೆಂದು ಎಷ್ಟೋ ಜನ ದೂರಿದರು. ಕನಸಿನ ಭಾವ ಬರಲೆಂದು ಬೇಕೆಂದೇ ಹಾಗೆ ಮಾಡಿದ್ದೆಂದು ನೆಟ್‌ಫ್ಲಿಕ್ಸ್ ಉತ್ತರಿಸಿತು. ಆ ಉತ್ತರ ನನಗೆ ಒಪ್ಪಿಗೆಯಾಗಲಿಲ್ಲ. ಕನಸಿನ ಲೋಕಕ್ಕೂ ಲಂಡನ್ ಬೀದಿಗೂ ಒಂದೇ ಸೊಟ್ಟುತನ ಕೊಟ್ಟರೆ ಕನಸು ಎಲ್ಲಿ ಶುರುವಾಯಿತೆಂದು ತಿಳಿಯುವುದು ಹೇಗೆ? ಮಾರ್ಫಿಯಸ್ ನರಕದಲ್ಲಿ ಆಡುವ ಪಂದ್ಯವನ್ನೂ ಬದಲಿಸಿದ್ದಾರೆ. ಕಾಮಿಕ್ಸಿನಲ್ಲಿ ಮಾರ್ಫಿಯಸ್ ಎದುರು ನಿಲ್ಲುವುದು ಕೊರಾನ್‌ಜಾನ್ ಎಂಬ ರಾಕ್ಷಸ. ಸರಣಿಯಲ್ಲಿ ಸ್ವತಃ ಲೂಸಿಫರ್. ಇದರಿಂದ ದೃಶ್ಯಕ್ಕೆ ಬಲ ಬಂತೆಂದು ನಾನು ಭಾವಿಸುತ್ತೇನೆ, ಬರಲಿಲ್ಲ ಎನ್ನುವ ಗೆಳೆಯರಿದ್ದಾರೆ. ಗ್ವೆಂಡೊಲಿನ್ ಕ್ರಿಸ್ಟಿ ಹೆಂಗಸೆಂಬುದು ನಮ್ಮ ಆ ಜಗಳದಲ್ಲಿ ಒಮ್ಮೆಯೂ ಬರಲಿಲ್ಲ.

ನನ್ನ ದೊಡ್ಡ ತಕರಾರು ಐದನೇ ಎಪಿಸೋಡಿನ ಬಗ್ಗೆ. ಹೋಟೆಲೊಂದರಲ್ಲಿ ಸಿಕ್ಕಿಬಿದ್ದ ಕೆಲವೇ ಜನರನ್ನು ಜಾನ್ ಡೀ ಎಂಬಾತ ಒಂದು ಹಗಲು ಒಂದು ರಾತ್ರಿ ಆಡಿಸುವ ಕಥೆ ಅದು. ಪುಟದ ಮೇಲೆ ಗಂಟೆ ಗಂಟೆಗೂ ಕ್ರೌರ್ಯ ಏರುತ್ತ ಹೋಗುತ್ತದೆ. ಓದುವಾಗ ಪುಟ ಮಗುಚಲು ಕೈ ಹಿಂಜರಿಯುತ್ತದೆ. ಸರಣಿಯಲ್ಲಿ ಆ ಪಾತ್ರ ಮಾಡಿದ ಡೇವಿಡ್ ಥ್ಯೂಲಿಸ್ ಮೆಲುದನಿಯ, ಅಮ್ಮನಿಂದ ಸುಳ್ಳು ಕೇಳಿಕೇಳಿ ಬೆಂದ ಮನುಷ್ಯನನ್ನು ತೋರಿಸುತ್ತಾರೆ. ಲೋಕದಲ್ಲಿ ಸುಳ್ಳೇ ಇರಬಾರದೆಂಬ ಅವನ ಹಟಕ್ಕೆ ಕಾರಣ ಸಿಗುತ್ತದೆ, ಅವನ ಮೇಲೆ ಮರುಕವೂ ಹುಟ್ಟುತ್ತದೆ. ಥ್ಯೂಲಿಸ್ ಅಭಿನಯ ಅದ್ಭುತ. ಆದರೆ ಕಾರಣ ಸಿಕ್ಕಿದ ಕೂಡಲೇ ಭಯ ಅರ್ಧ ಇಳಿದುಹೋಗುತ್ತದೆ. ಮೂಲದ ಡೀಗೆ ಯಾರ ಮರುಕವೂ ಬೇಕಿರಲಿಲ್ಲ, ಅದರಿಂದಲೇ ಅವನು ಅಷ್ಟು ಭಯಂಕರ. ಈ ಮಾತನ್ನು ಯಾರಾದರೂ ಅಲ್ಲಗಳೆದರೆ ರಾತ್ರಿಯಿಡೀ ಕೂತು ವಾದಿಸಲು ಸಿದ್ಧನಿದ್ದೇನೆ. ಇಂಥ ವಾದದಿಂದ ಸರಣಿಯೂ ಬೆಳಗುತ್ತದೆ, ಕಾಮಿಕ್ಸೂ ಬೆಳಗುತ್ತದೆ.

ನಮ್ಮ ಕರಾವಳಿಯ ಯಕ್ಷಗಾನದ ಪ್ರೇಕ್ಷಕರಿಂದ ನಾನು ಕಲಿತದ್ದು ಹೀಗೆ ನೋಡಿದ ಮೇಲೆ ವಾದಿಸುವುದನ್ನೇ. ಒಂದೇ ಸುಧನ್ವ, ಒಂದೇ ಕರ್ಣ, ಒಂದೇ ದಮಯಂತಿ. ವೇಷ ಕಟ್ಟುವವರು ಬೇರೆ ಬೇರೆ. ಗಂಡಸರೇ ಸ್ತ್ರೀವೇಷ ಮಾಡಿ ಜನರನ್ನು ಅಳಿಸಿದ ರಂಗ ಅದು. ಅಲ್ಲಿನ ಹಳೇ ಪ್ರೇಕ್ಷಕನಷ್ಟು ಕಟುವಾದ ವಿಮರ್ಶಕ ಬೇರೆಲ್ಲೂ ಸಿಗಲಿಕ್ಕಿಲ್ಲ. ಇಂಥ ಪದ್ಯಕ್ಕೆ ಕುಣಿತ ಹೆಚ್ಚಾಯಿತು, ಇಂಥಲ್ಲಿ ಅರ್ಥ ಸೊರಗಿತು, ಹಿಂದಿನವರ ಕರ್ಣನಿಗಿದ್ದ ಗಾಂಭೀರ್ಯ ಇವರಿಗಿಲ್ಲ ಎಂದು ಮುಲಾಜಿಲ್ಲದೆ ಹೇಳುತ್ತಾನೆ. ಹೇಳುವುದು ಮಾತ್ರ ಮಂಗಳದ ಪದ್ಯ ಮುಗಿದು ಬೆಳಗಾದ ಮೇಲೆ. ವೇಷ ಕಟ್ಟುವ ಚೌಕಿಯ ಹೊರಗೆ ನಿಂತು ಕಲಾವಿದನ ಮುಖ ನೋಡಿಯೇ ಈ ವೇಷ ಆಗದು ಎಂದವನ ಮಾತಿಗೆ ಅಲ್ಲಿ ಬೆಲೆಯಿಲ್ಲ.

ನೋಡದೆ ಬೈದರೆ ಯಾರಿಗೆ ಏನು ನಷ್ಟ ಎಂದು ನೀವು ಕೇಳಬಹುದು. ನಷ್ಟವಿದೆ. ಸ್ಯಾಂಡ್‌ಮನ್ ಕಾಮಿಕ್ಸನ್ನು ತೆರೆಗೆ ತರುವ ಯತ್ನ ತೊಂಬತ್ತರ ದಶಕದಿಂದ ನಡೆದು ನಿಂತು, ಮತ್ತೆ ನಡೆದು, ಜೋಸೆಫ್ ಗಾರ್ಡನ್-ಲೆವಿಟ್ 2016ರಲ್ಲಿ ಕೈಬಿಟ್ಟು, ಕೊನೆಗೆ 2019ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದು ನಿಂತಿತು. ಸರಣಿ ಬಿಡುಗಡೆಯಾದ ಮೊದಲ ಮೂರು ದಿನದಲ್ಲಿ ಜನ ಅದನ್ನು ಸುಮಾರು 6.9 ಕೋಟಿ ಗಂಟೆ ನೋಡಿದರೆಂದು ನೆಟ್‌ಫ್ಲಿಕ್ಸ್ ತನ್ನ ಪಟ್ಟಿಯಲ್ಲಿ ಹಾಕಿತು. ಅಷ್ಟಾದರೂ ಎರಡನೇ ಸೀಸನ್ನಿಗೆ ಒಪ್ಪಿಗೆ ಸಿಕ್ಕಿದ್ದು 2022ರ ನವೆಂಬರಿನಲ್ಲಿ. ಇದು ಬಹಳ ಖರ್ಚಿನ ಸರಣಿ, ಚೆನ್ನಾಗಿ ಓಡಿದರಷ್ಟೇ ಹಣ ಹೊರಬೀಳುತ್ತದೆ ಎಂದು ಮೂಲ ಲೇಖಕ ನೀಲ್ ಗೈಮನ್ ಆ ದಿನಗಳಲ್ಲಿ ವೀಕ್ಷಕರಿಗೆ ಬಿಡಿಸಿ ಹೇಳಿದ್ದರು. ಒಂದು ಸರಣಿಯ ಆಯಸ್ಸು ಇಂಥ ಲೆಕ್ಕದ ಮೇಲೆ ನಿಂತಿರುವಾಗ, ನೋಡದವರು ಎಸೆಯುವ ಒಂದು ಸ್ಟಾರಿನ ಒಂದೊಂದು ರೇಟಿಂಗ್ ನೋಡಬೇಕೆಂದುಕೊಂಡವರನ್ನೂ ಹಿಂದಕ್ಕೆ ಎಳೆಯುತ್ತದೆ. ಅದರ ಭಾರ ಹೊರುವವರು ನಟರು, ವೇಷಭೂಷಣದವರು, ಅಕ್ಷರಶಃ ನರಕವನ್ನು ಕಟ್ಟಿದ ಸೆಟ್ ಕೆಲಸಗಾರರು.

ಎರಡನೇ ಸೀಸನ್ ಬಂದದ್ದು 2025ರ ಜುಲೈಯಲ್ಲಿ. ಅದೇ ಕೊನೆಯದೆಂದು ಜನವರಿಯಲ್ಲೇ ತಿಳಿಸಿದ್ದರು. ಮಾರ್ಫಿಯಸ್‌ನ ಕಥೆಗೆ ಅಷ್ಟು ಸಾಕೆಂಬುದು ಸರಣಿಯ ಮುಖ್ಯಸ್ಥ ಆಲನ್ ಹೈನ್‌ಬರ್ಗ್ ಕೊಟ್ಟ ಕಾರಣ. ಆ ಹೊತ್ತಿಗೆ ವೀಕ್ಷಕರ ಮುಂದೆ ಬೇರೆಯದೇ ಪ್ರಶ್ನೆ ಬಂದು ನಿಂತಿತ್ತು. 2024ರ ಜುಲೈಯಿಂದ ಒಬ್ಬರ ನಂತರ ಒಬ್ಬರಂತೆ ಹಲವು ಮಹಿಳೆಯರು ಗೈಮನ್ ಮೇಲೆ ಲೈಂಗಿಕ ದೌರ್ಜನ್ಯದ ಆರೋಪ ಹೊರಿಸಿದರು. ಗೈಮನ್ ಆರೋಪಗಳನ್ನು ನಿರಾಕರಿಸಿದ್ದಾರೆ. ಸರಣಿಯನ್ನು ಇನ್ನು ನೋಡಲಾರೆ ಎಂದು ಕೆಲವರು ಎದ್ದುಹೋದರು. ಆ ನಿರ್ಧಾರದ ಎದುರು ನನಗೆ ವಾದವಿಲ್ಲ. ಅದು ಮನಸ್ಸಾಕ್ಷಿಯ ಮಾತು. ಕಾವ್ಯದೇವತೆಯನ್ನು ಕೋಣೆಯಲ್ಲಿ ಕೂಡಿಹಾಕಿ ಹಿಂಸಿಸಿ ಹೆಸರು ಗಳಿಸುವ ಲೇಖಕನ ಕಥೆ ‘ಕ್ಯಾಲಿಯೊಪಿ’ಯನ್ನು ನಾನೂ ಈಗ ಮೊದಲಿನಂತೆ ನೋಡಲಾರೆ. ಇದಕ್ಕೂ ನಟಿಯ ಫೋಟೊ ನೋಡಿ ಎದ್ದ ಕೂಗಿಗೂ ಅಜಗಜಾಂತರ. ಒಂದರಲ್ಲಿ ವೀಕ್ಷಕ ತನ್ನ ಪ್ರೀತಿಯನ್ನೇ ತಕ್ಕಡಿಗೆ ಹಾಕುತ್ತಾನೆ. ಇನ್ನೊಂದರಲ್ಲಿ ಏನನ್ನೂ ತೂಗಿಯೇ ಇಲ್ಲ.

ನೀವು ಬೇಡವೆಂದ ಡೆತ್ ಏನಾದಳೆಂದೂ ಹೇಳುತ್ತೇನೆ. 2025ರ ಜುಲೈ 31ರಂದು ಬಂದ ಸರಣಿಯ ಕಟ್ಟಕಡೆಯ ಎಪಿಸೋಡ್ ಅವಳದೇ. 1993ರ ‘ಡೆತ್: ದ ಹೈ ಕಾಸ್ಟ್ ಆಫ್ ಲಿವಿಂಗ್’ ಎಂಬ ಮೂರು ಸಂಚಿಕೆಯ ಕಾಮಿಕ್ಸನ್ನು ಆಧರಿಸಿದ್ದು. ನೂರು ವರ್ಷಕ್ಕೊಮ್ಮೆ ಒಂದು ದಿನ ಮನುಷ್ಯಳಾಗಿ ಬದುಕುವ ಡೆತ್‌ಳ ಕಥೆ. ಕರ್ಬಿ ಇಲ್ಲದಿದ್ದರೆ ಆ ಎಪಿಸೋಡ್ ಮಾಡುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲ ಎಂಬುದು ನನ್ನ ನಂಬಿಕೆ.

ನಿಮ್ಮ ಸಿಟ್ಟಿಗೆ ನಿಜವಾಗಿ ಕೆಲಸವಿದ್ದದ್ದು ಎರಡನೇ ಸೀಸನ್ನಿನಲ್ಲಿ. ಮೊದಲ ಸೀಸನ್ನಿನ ಹನ್ನೊಂದು ಎಪಿಸೋಡುಗಳು ಕಾಮಿಕ್ಸಿನ ಮೊದಲ ಹದಿನೆಂಟು ಸಂಚಿಕೆಗಳ ಮೇಲೆ ನಿಧಾನವಾಗಿ ನಡೆದವು. ಉಳಿದ ಐವತ್ತೇಳು ಸಂಚಿಕೆಗಳಿಗೆ ಸಿಕ್ಕಿದ್ದು ಹನ್ನೊಂದೇ ಎಪಿಸೋಡು. ಹನ್ನೆರಡನೆಯದು ಆಗಲೇ ಹೇಳಿದ ಡೆತ್‌ಳ ಕಥೆಗೆ ಹೋಯಿತು. ‘ಎ ಗೇಮ್ ಆಫ್ ಯು’ ಎಂಬ ಇಡೀ ಕಥಾಭಾಗ ಹೋಯಿತು, ಅದರ ವಾಂಡಾ ಎಂಬ ಒಂದೇ ಪಾತ್ರವನ್ನು ಎತ್ತಿ ಬೇರೆ ಕಥೆಯ ಪಯಣದಲ್ಲಿ ಕೂರಿಸಿದರು. ಬಾಗ್ದಾದಿನ ವೈಭವ ಮಾಸದಿರಲೆಂದು ಹರೂನ್ ಅಲ್ ರಶೀದ್ ತನ್ನ ನಗರವನ್ನೇ ಕನಸಿನ ಒಡೆಯನಿಗೆ ಒಪ್ಪಿಸುವ ‘ರಮದಾನ್’, ಐವತ್ತನೇ ಸಂಚಿಕೆ, ಪಿ. ಕ್ರೇಗ್ ರಸೆಲ್ ಬಿಡಿಸಿದ ಆ ಪುಟಗಳು ತೆರೆಗೆ ಬರಲೇ ಇಲ್ಲ. ಮಾರ್ಫಿಯಸ್‌ನ ಅಂತ್ಯಕ್ಕೆ ಇಳಿಜಾರಿನಲ್ಲಿ ಓಡಿದ ಹಾಗೆ ಓಡಿದರು. ಅಷ್ಟು ಪ್ರೀತಿಯಿಂದ ಪುಸ್ತಕ ಓದಿದ ನೀವು ಇದನ್ನು ಪ್ರಶ್ನಿಸಬೇಕಿತ್ತು, ‘ರಮದಾನ್’ ಎಲ್ಲಿ ಎಂದು ಕೇಳಬೇಕಿತ್ತು.

ಇನ್ನೂ ನೋಡಿಲ್ಲವಾದರೆ ಆರನೇ ಎಪಿಸೋಡಿನಿಂದ ಶುರುಮಾಡಿ. ಹಿಂದಿನ ಐದು ನೋಡದಿದ್ದರೂ ಅದು ಅರ್ಥವಾಗುತ್ತದೆ. ಹ್ಯಾರಿಯ ಮನೆಯ ದೃಶ್ಯ ಮುಗಿದ ಮೇಲೂ ಆ ಪಾತ್ರಕ್ಕೆ ಬೇರೆ ಮುಖ ಬೇಕಿತ್ತು ಎನಿಸಿದರೆ ಯಾಕೆಂದು ಬರೆದು ತಿಳಿಸಿ. ಯಾವ ಮಾತಿನಲ್ಲಿ, ಯಾವ ನೋಟದಲ್ಲಿ ಕರ್ಬಿ ಸೋತರೆಂದು ಹೇಳಿ. ನಿಮ್ಮ ಪತ್ರವನ್ನು ಪೂರ್ತಿ ಓದಿ, ಸಾಲು ಸಾಲಿಗೂ ಉತ್ತರ ಬರೆಯುತ್ತೇನೆ.

ಇಂತಿ,
ನಿಮ್ಮಂತೆಯೇ ಆ ಕಾಮಿಕ್ಸನ್ನು ಪ್ರೀತಿಸುವ ಒಬ್ಬ ಓದುಗ